ಗಂಜ್‌ನಾಗ ಕುಂತು ಫ್ರೇಸಲ್ ವರ್ಬ್ ಕಲ್ತಿದ್ದು

ಇಂಗ್ಲಿಷ್ ಇಡಿಯಮ್, ಅಂದ್ರ ನುಡಿಗಟ್ಟು, ನಾನು ಮೊದಲು ಕಲ್ತಿದ್ದು ಮಾತಾಡ್ಲಾಕ ಅಲ್ಲ, ಟಿಕ್ ಹಾಕ್ಲಾಕ. ಆಳಂದ ತಾಲೂಕಿನ ಹಳ್ಳ್ಯಾಗ ಹತ್ತನೇ ತನಕ ಕನ್ನಡ ಮೀಡಿಯಂ, ಆಮ್ಯಾಲ ಬಿಕಾಂ, ಆಮ್ಯಾಲ ನಮ್ಮ ಕಡಿ ಹುಡುಗ್ರು ಮಾಡೋದನ್ನೇ ನಾನೂ ಮಾಡ್ದೆ, ಕಲಬುರಗಿಗಿ ಬಂದು ಇನ್ನಿಬ್ರ ಜೋಡಿ ರೂಮ್ ಮಾಡ್ಕೊಂಡು, ಖಾನಾವಳಿ ಊಟ ಹಚ್ಕೊಂಡು ಕೇಂದ್ರ ಸರ್ಕಾರದ ನೌಕರಿ ಪರೀಕ್ಷಾ ಎಸ್‌ಎಸ್‌ಸಿಗಿ ಓದ್ಲಾಕ ಕುಂತೆ. ಗಣಿತ, ರೀಸನಿಂಗ್ ಹೆಂಗೋ ನಡೀತಿತ್ತು, ಇಂಗ್ಲಿಷ್ ಬಂತಂದ್ರ ಕೈಕಾಲು ತಣ್ಣಗ. ಅದ್ರಾಗ ಡಿಗ್ರಿ ಆದೋರು ಬರಿಯೋ ಸಿಜಿಎಲ್ ಪರೀಕ್ಷಾದ ಮೊದಲ್ನೇ ಹಂತದಾಗ ಇಂಗ್ಲಿಷಿಗಿ 25 ಪ್ರಶ್ನಿ, 50 ಮಾರ್ಕ್ಸ್, ತಪ್ಪಾದ್ರ ಒಂದಕ್ಕ ಅರ್ಧ ಮಾರ್ಕ್ ಕಟ್. ಎಸ್‌ಎಸ್‌ಸಿಯ ಇನ್ನೆರಡು ಪರೀಕ್ಷಾ ಎಂಟಿಎಸ್, ಸಿಎಚ್‌ಎಸ್‌ಎಲ್ ಕನ್ನಡದಾಗೂ ಬರೀಬಹುದು ಅಂತ 2023ರಾಗ ಆಯ್ತು ಖರೇ, ಬಾಳ ಖುಷಿ ಪಟ್ವಿ, ಆದ್ರ ಇಂಗ್ಲಿಷ್ ಭಾಗ ಇಂಗ್ಲಿಷ್‌ನಾಗೇ ಇರ್ತದಲ್ರಿ, ಅದನ್ನ ಯಾರು ಕನ್ನಡಕ್ಕ ತರ್ತಾರ.

ರೂಮ್‌ನಾಗ ಒಂದು ಪಿಡಿಎಫ್ ತಿರುಗಾಡ್ತಿತ್ತು, ಹಿಂದಿನ ವರ್ಷದ ಪೇಪರ್‌ನಾಗ ಬಂದ ಇಡಿಯಮ್ ಎಲ್ಲಾ ಕೂಡ್ಸಿದ್ದು. ರಾತ್ರಿ ಊಟ ಆದ ಮ್ಯಾಲ ಒಬ್ಬ ಕೇಳೋದು, ಇನ್ನಿಬ್ರು ಹೇಳೋದು. ‘ಬೆಲ್ ದಿ ಕ್ಯಾಟ್’ ಅಂದ್ರ ಎಲ್ರ ಪರವಾಗಿ ಅಪಾಯದ ಕೆಲಸಕ್ಕ ಮುಂದ ಹೋಗೋದು, ‘ಬರ್ನ್ ದಿ ಮಿಡ್‌ನೈಟ್ ಆಯಿಲ್’ ಅಂದ್ರ ಸರಿರಾತ್ರಿ ತನಕ ಓದೋದು, ‘ಅಟ್ ಸಿಕ್ಸಸ್ ಅಂಡ್ ಸೆವೆನ್ಸ್’ ಅಂದ್ರ ಎಲ್ಲಾ ಅಸ್ತವ್ಯಸ್ತ. ಇವು ತಲ್ಯಾಗ ಛಲೋ ಕುಂದರ್ತಿದ್ವು, ಯಾಕಂದ್ರ ಒಂದೊಂದ್ರ ಹಿಂದ ಒಂದು ಚಿತ್ರ ಅದ. ‘ವೈಟ್ ಎಲಿಫಂಟ್’ ತಗೋರಿ, ಸಯಾಮ್ ದೇಶದ ರಾಜ ತನಗ ಆಗದ ಸರದಾರಗ ಬಿಳಿ ಆನಿ ಉಡುಗೊರಿ ಕೊಡ್ತಿದ್ನಂತ, ಅದು ಪವಿತ್ರ, ಕೆಲಸಕ್ಕ ಹಚ್ಚಂಗಿಲ್ಲ, ಮಾರಂಗಿಲ್ಲ, ಸಾಕಿ ಸಾಕಿ ಆ ಸರದಾರ ದಿವಾಳಿ ಎದ್ದು ಹೋಗ್ಬೇಕು. ಕಥಿ ಖರೇನೋ ಸುಳ್ಳೋ, ಒಮ್ಮಿ ಕೇಳಿದ್ರ ಸಾಯೋ ತನಕ ಮರಿಯಂಗಿಲ್ಲ.

ಆದ್ರ ಅದೇ ಪಿಡಿಎಫ್‌ನ ಹಿಂದಿನ ಹಾಳ್ಯಾಗ ಫ್ರೇಸಲ್ ವರ್ಬ್ ಅಂತ ಇನ್ನೊಂದು ಪಟ್ಟಿ ಇತ್ತು. ಪುಟ್ ಆಫ್, ಪುಟ್ ಆನ್, ಪುಟ್ ಔಟ್, ಪುಟ್ ಅಪ್, ಪುಟ್ ಡೌನ್, ಪುಟ್ ಅಪ್ ವಿತ್. ಮುಂದೂಡು, ಹಾಕ್ಕೋ, ಆರಿಸು, ಉಳ್ಕೋ, ಅವಮಾನ ಮಾಡು, ಸಹಿಸ್ಕೋ. ಇದ್ರಾಗ ಆನಿ ಇಲ್ಲ ಬೆಕ್ಕಿಲ್ಲ, ಎರಡು ಸಣ್ಣ ಶಬ್ದ, ಎರಡೂ ಸಣ್ಣ ಕ್ಲಾಸಿನ್ಯಾಗ ಕಲ್ತಿದ್ದೇ, ಕೂಡ್ಸಿದ್ರ ಮಾತ್ರ ಮೂರನೇದೇನೋ ಆಗ್ತದ. ಇವತ್ತು ಓದಿದ್ರ ನಾಳಿ ಮುಂಜಾನಿ ಎಲ್ಲಾ ಕಲಸ್ಕೊಂಡು ಹೋಗ್ತಿತ್ತು. ನಾವು ಮೂವರೂ ಆ ಹಾಳಿ ಬಿಟ್ಟೇಬಿಟ್ವಿ, ಪರೀಕ್ಷಾದಾಗ ಇಡಿಯಮ್ಮೇ ಜಾಸ್ತಿ ಕೇಳ್ತಾರ ಅಂತ ಸಮಾಧಾನ ಮಾಡ್ಕೊಂಡು.

ಕಟ್ ಆಫ್ ದಾಟ್ಲಿಲ್ಲ. (ಆ ‘ಕಟ್ ಆಫ್’ ಅನ್ನೋದೂ ಇದೇ ಜಾತಿ ಅಂತ ಅವಾಗ ಹೊಳೀಲಿಲ್ಲ ನೋಡ್ರಿ.) ಮನ್ಯಾಗ ಅಪ್ಪ ಇನ್ನೆಷ್ಟು ದಿನ ಅಂತ ಬಾಯಿ ಬಿಟ್ಟು ಕೇಳ್ಲಿಲ್ಲ, ಆದ್ರ ಕೇಳ್ದಂಗೇ ಇತ್ತು, ಹಂಗಾಗಿ ಗಂಜ್‌ನಾಗ ಒಂದು ದಾಲ್ ಮಿಲ್ ಆಫೀಸಿಗಿ ಲೆಕ್ಕ ಬರೀಲಾಕ ಸೇರ್ಕೊಂಡೆ. ಕಲಬುರಗಿ ಗೊತ್ತಿಲ್ಲದೋರಿಗಿ ಹೇಳ್ಬೇಕಂದ್ರ ಗಂಜ್ ಅಂದ್ರ ನೆಹರು ಗಂಜ್, ಅಡತಿ ಅಂಗಡಿ, ಹಮಾಲ್ರು, ಲಾರಿ, ತೊಗರಿ ಧೂಳು. ನಮ್ಮ ತೊಗರಿಗಿ 2019ರಾಗ ಜಿಐ ಟ್ಯಾಗ್ (ಇದು ಈ ಊರಿನ ಮಾಲು ಅನ್ನೋ ಗುರುತು) ಬಂದದ, ಊರಿಗೇ ತೊಗರಿ ಕಣಜ ಅಂತ ಹೆಸರು, ಆದ್ರೂ ದೇಶಕ್ಕ ಸಾಲಲ್ಲ, ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಯಿಂದ ಹಡಗಿನ್ಯಾಗ ತೊಗರಿ ಬರ್ತದ. ಹಂಗ ಬಂದ ಮಾಲು ಮುಂಬೈ ಏಜೆಂಟ್ರ ಕಡಿಂದ ನಮ್ಮ ಸಾಹುಕಾರ್ರೂ ಒಮ್ಮೊಮ್ಮಿ ತಗೋತಿದ್ರು. ಫೋನಿನ್ಯಾಗ ಮಾತು ಹಿಂದಿ ಮರಾಠಿ ಏನೋ ನಡೀತದ, ಮೇಲ್ ಮಾತ್ರ ಪೂರಾ ಇಂಗ್ಲಿಷ್. ನಾನು ಸೇರಿದ್ದೇ ತಡ ಸಾಹುಕಾರ್ರು ಕಂಪ್ಯೂಟರ್ ಈ ಕಡಿ ತಿರುಗಿಸಿ “ತಮ್ಮಾ, ನೀ ಡಿಗ್ರಿ ಆಗೀದಿ, ಎಸ್‌ಎಸ್‌ಸಿ ಬ್ಯಾರೆ ಓದೀದಿ, ಇನ್ನ ಮ್ಯಾಲ ಇವು ನೀನೇ ನೋಡು” ಅಂದ್ರು.

ನೋಡ್ದೆ. ಬೆಕ್ಕೂ ಇಲ್ಲ ಗಂಟೀನೂ ಇಲ್ಲ. ‘ದಿ ವೆಸಲ್ ಹ್ಯಾಸ್ ಬೀನ್ ಹೆಲ್ಡ್ ಅಪ್’. ‘ದಿ ಬಯರ್ ಬ್ಯಾಕ್ಡ್ ಔಟ್’. ‘ಪ್ಲೀಸ್ ಲುಕ್ ಇನ್‌ಟು ದಿಸ್’. ‘ವಿ ಹ್ಯಾವ್ ರನ್ ಔಟ್ ಆಫ್ ಸ್ಟಾಕ್’. ‘ಕ್ಯಾನ್ ವಿ ಪುಶ್ ಬ್ಯಾಕ್ ದಿ ಡೆಲಿವರಿ’. (ಹಡಗು ತಡೆದು ನಿಂತದ, ತಗೊಳ್ಳಾವ ಹಿಂದ ಸರ್ದ, ಇದನ್ನ ವಿಚಾರಿಸ್ರಿ, ಮಾಲು ಮುಗದದ, ಕಡೀದ್ರ ಅರ್ಥ ಮುಂದ ಹೇಳ್ತೀನಿ.) ನಾನು ಬಾಯಿಪಾಠ ಮಾಡಿದ್ದ ಅಷ್ಟೂ ಇಡಿಯಮ್‌ನಾಗ ಒಂದೇ ಒಂದು ಆ ಮೇಲ್‌ಗಳಾಗ ಕಾಣ್ಲಿಲ್ಲ, ನಾವು ಬಿಟ್ಟಿದ್ದ ಆ ಹಿಂದಿನ ಹಾಳಿ ಮಾತ್ರ ಸಾಲು ಸಾಲಿಗಿ ಕುಂತಿತ್ತು.

ನಮ್ಮ ರೂಮ್ ಇದ್ದ ಓಣ್ಯಾಗೇ ರಿಟೈರ್ ಆದ ಹೈಸ್ಕೂಲ್ ಇಂಗ್ಲಿಷ್ ಮಾಸ್ತರ್ ಒಬ್ರು ಇದ್ರು, ಸಂಜಿಕ್ಕ ಕಟ್ಟಿ ಮ್ಯಾಲ ಪೇಪರ್ ಹಿಡ್ಕೊಂಡು ಕುಂದರ್ತಿದ್ರು. ಅವರ ಹತ್ರ ಹೋಗಿ ಸರ್, ಫ್ರೇಸಲ್ ವರ್ಬ್ ಹೆಂಗ ನೆನಪಿಡೋದ್ರಿ ಅಂತ ಕೇಳ್ದೆ. ಅವರು ಅದನ್ನ ಬಿಟ್ಟು “ಕೈ ಮ್ಯಾಲ ನಿಂಗ ಎಷ್ಟು ಮಾತು ಬರ್ತಾವಪಾ, ಹೇಳು” ಅಂದ್ರು. ಕೈ ಕೊಡು, ಕೈ ಬಿಡು, ಕೈ ಹಿಡಿ, ಕೈ ಹಾಕು, ಕೈ ಮಾಡು, ಕೈ ಎತ್ತು, ಕೈ ಚೆಲ್ಲು, ಕೈಗೂಡು, ಕೈ ಮೀರು, ಕೈ ತೊಳ್ಕೋ... ಹೇಳ್ಕೋತ ಹೋದೆ, ನಿಲ್ಲಲೇ ಇಲ್ಲ. “ಇವನ್ನ ಯಾವ ಪಿಡಿಎಫ್‌ನಾಗ ಓದಿದ್ದಿ?” ಅಂದ್ರು. ಆಮ್ಯಾಲ ಅವರೇ ನಕ್ಕೋತ ಹೇಳಿದ್ರು, ನಮ್ಮಲ್ಲಿ ಅವ ಕೈ ಕೊಟ್ಟ ಅಂದ್ರ ಮೋಸ ಮಾಡ್ದ ಅಂತ, ಇಂಗ್ಲಿಷ್‌ನಾಗ ‘ಗಿವ್ ಮಿ ಎ ಹ್ಯಾಂಡ್’ ಅಂದ್ರ ಸಹಾಯ ಮಾಡು ಅಂತ, ಯಾವನರೆ ಇಂಗ್ಲಿಷಿನವ ಕನ್ನಡ ಕಲೀಲಾಕ ಬಂದು ಪಟ್ಟಿ ಬಾಯಿಪಾಠ ಮಾಡ್ಕೋತ ಕುಂತ್ರ ನಿನ್ನಂಗೇ ತಲಿ ಕೆರ್ಕೋತಾನ.

ಅವರ ಮಾತಿನ್ಯಾಗ ನಂಗ ಹಿಡಿಸಿದ್ದು ಇನ್ನೊಂದು. ಪೋಸ್ಟ್‌ಪೋನ್, ಟಾಲರೇಟ್, ಎಕ್ಸ್‌ಟಿಂಗ್ವಿಶ್, ಇನ್ವೆಸ್ಟಿಗೇಟ್ ಅಂದ್ರ ನಮಗ ಲಗೂನ ತಿಳೀತದ, ಪುಟ್ ಆಫ್, ಪುಟ್ ಅಪ್ ವಿತ್, ಪುಟ್ ಔಟ್, ಲುಕ್ ಇನ್‌ಟು ಅಂದ್ರ ತಿಳಿಯಂಗಿಲ್ಲ, ಇಂಗ್ಲೆಂಡಿನ ಸಣ್ಣ ಹುಡುಗ್ರಿಗಿ ಪೂರಾ ಉಲ್ಟಾ. ಯಾಕ ಅಂದ್ರ 1066ರಾಗ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದ ಮ್ಯಾಲ ಅರಮನಿ, ಕೋರ್ಟು, ದಫ್ತರ ಎಲ್ಲಾ ಫ್ರೆಂಚ್, ಚರ್ಚಿನ್ಯಾಗ ಲ್ಯಾಟಿನ್, ಹಂಗ ಒಳಗ ಬಂದ ದೊಡ್ಡ ದೊಡ್ಡ ಶಬ್ದ ದಫ್ತರದ ಭಾಷಾ ಆದ್ವು. ಹೊಲ ಮನಿ ಅಡಗಿ ಜಗಳದಾಗ ಮಾತ್ರ ಹಳೇ ಸಣ್ಣ ಶಬ್ದಗಳೇ ಉಳದ್ವು, ಪುಟ್, ಗೆಟ್, ಟೇಕ್, ಕಮ್, ಗೋ, ಅವಕ್ಕ ಅಪ್ಪು ಡೌನು ಔಟು ಹಚ್ಕೊಂಡು ಕೆಲಸ ನಡಿಸ್ಕೊಂಡ್ರು. ನಾವು ಇಂಗ್ಲಿಷ್ ಕಲ್ತಿದ್ದೇ ದಫ್ತರದ ಬಾಗಿಲಿನಿಂದ, ಹಿತ್ತಲಿನ ಮಾತು ನಮಗ ಎಲ್ಲಿಂದ ಬರ್ಬೇಕು? ನಾವೂ ಅರ್ಜಿಯಾಗ ‘ಸಹಿಸಲಾಗುತ್ತಿಲ್ಲ’ ಅಂತ ಬರೀತೀವಿ, ಮನ್ಯಾಗ ‘ತಡ್ಕೊಳ್ಳಾಕ ಆಗವಲ್ದು’ ಅಂತೀವಿ. ಮತ್ತ ಇಷ್ಟೆಲ್ಲಾ ಹಳೇದಾದ್ರೂ ಇವಕ್ಕ ಫ್ರೇಸಲ್ ವರ್ಬ್ ಅಂತ ಹೆಸರು ಅಚ್ಚಾಗಿದ್ದು 1925ರಾಗಂತ, ಲೋಗನ್ ಪಿಯರ್ಸಾಲ್ ಸ್ಮಿತ್ ಅನ್ನೋರ ಪುಸ್ತಕದಾಗ, ಹೆಸರು ಸೂಚಿಸಿದ್ದು ಆಕ್ಸ್‌ಫರ್ಡ್ ಡಿಕ್ಷನರಿ ಸಂಪಾದಕ ಹೆನ್ರಿ ಬ್ರಾಡ್ಲಿ. ಮಾಸ್ತರ್‌ಗ ಇಂಥಾವು ಬಾಳ ಗೊತ್ತು.

ಆದ್ರ ಕಲ್ತಿದ್ದು ಹೆಂಗ ಅಂದ್ರ, ಖರೇ ಹೇಳ್ತೀನಿ, ತೊಗರಿ ಭಾವದಿಂದ. ದಿನಾ ಮುಂಜಾನಿ ಏಜೆಂಟ್ರು ಇಂಗ್ಲಿಷ್‌ನಾಗ ಮಾರ್ಕೆಟ್ ರಿಪೋರ್ಟ್ ಕಳಸ್ತಿದ್ರು. ಅದ್ರಾಗ ‘ಅರೈವಲ್ಸ್ ಪಿಕ್ಡ್ ಅಪ್’ ಅಂತ ಬಂದ ದಿನ ನಾನು ಡಿಕ್ಷನರಿ ತೆಗೀಲೇ ಇಲ್ಲ. ಅದು ಜನವರಿ, ಹೊಸ ತೊಗರಿ ರಾಶಿ ಆಗಿ ಗಂಜ್‌ಗಿ ಬರೋ ಟೈಮ್, ಹೊರಗ ಲಾರಿ ಸಾಲು ನಿಂತದ, ಆವಕ ಜೋರಾಗ್ಯಾದ ಅಂತ ಬಿಟ್ರ ಅದಕ್ಕ ಬ್ಯಾರೆ ಅರ್ಥ ಇರ್ಲಾಕ ಸಾಧ್ಯನೇ ಇಲ್ಲ. ಮುಂದ ಬ್ಯಾಸಿಗಿ ಹತ್ತಿದ ಮ್ಯಾಲ ‘ಅರೈವಲ್ಸ್ ಆರ್ ಟೇಪರಿಂಗ್ ಆಫ್’ ಅಂತ ಬಂತು, ಯಾರ್ಡ್‌ನಾಗ ಚೀಲ ಕಮ್ಮಿ ಆಗ್ಲತ್ತಿದ್ವು, ತಿಳೀತು. ‘ಸ್ಟಾಕಿಸ್ಟ್ಸ್ ಆರ್ ಹೋಲ್ಡಿಂಗ್ ಬ್ಯಾಕ್’, ಮಾಲು ಇದ್ದೋರು ಭಾವ ಏರ್ಲಿ ಅಂತ ಬಿಡವಲ್ರು, ನಮ್ಮ ಸಾಹುಕಾರ್ರೇ ಅದನ್ನ ಮಾಡ್ಲತ್ತಿದ್ರು! ‘ಪ್ರೈಸಸ್ ಶಾಟ್ ಅಪ್’, ‘ಈಸ್ಡ್ ಆಫ್’, ‘ಫರ್ಮ್ಡ್ ಅಪ್’, ‘ಬಾಟಮ್ಡ್ ಔಟ್’, ‘ಡಿಮ್ಯಾಂಡ್ ಡ್ರೈಡ್ ಅಪ್’, ಅಂದ್ರ ಭಾವ ಜಿಗೀತು, ಒಂದೀಟು ಇಳೀತು, ಗಟ್ಟಿ ಆಯ್ತು, ತಳ ಮುಟ್ತು, ಬೇಡಿಕಿ ಬತ್ತಿಹೋಯ್ತು. ಭಾವ ನಂಗ ಮೊದಲೇ ಗೊತ್ತಿರ್ತಿತ್ತು, ರಿಪೋರ್ಟ್ ಬರೇ ಅದನ್ನ ಇಂಗ್ಲಿಷ್‌ನಾಗ ಹೆಂಗ ಅಂತಾರ ಅಂತ ಹೇಳ್ತಿತ್ತು. ಕೋಚಿಂಗ್‌ನಾಗ ಇದರ ಉಲ್ಟಾ ಮಾಡ್ತಾರ, ಲಂಡನ್ನಿನ ಯಾವುದೋ ಜಾನ್ ಮೇರಿಯ ವಾಕ್ಯ ಕೊಟ್ಟು ಅರ್ಥ ಹುಡುಕಂತಾರ, ಜಾನ್ ಯಾರೋ ಮೇರಿ ಯಾರೋ, ಅವರಿಬ್ರ ನಡುವ ಏನ್ ನಡದದೋ ನಮಗೇನು ಗೊತ್ತು. ನಂಗನಿಸಿದ್ದು ಇಷ್ಟೇ, ಯಾವ ವಿಷಯ ನಿಮಗ ಕನ್ನಡದಾಗ ಅಂಗೈ ಮ್ಯಾಲ ಅದನೋ ಅದೇ ವಿಷಯದ ಇಂಗ್ಲಿಷ್ ಓದ್ರಿ. ಟೇಲರಿಂಗ್ ಬರ್ತಿದ್ರ ಟೇಲರಿಂಗ್ ವಿಡಿಯೊ, ಗಾಡಿ ರಿಪೇರಿ ಬರ್ತಿದ್ರ ರಿಪೇರಿ ವಿಡಿಯೊ.

ಈ ಹಾದಿಯಾಗ ಒಂದು ಕಡಿ ಮಾತ್ರ ಊಹೆ ಕೆಲಸಕ್ಕ ಬರ್ಲಿಲ್ಲ, ಅದು ತಾರೀಖಿನ ವಿಷಯ. ‘ಪುಶ್ ಬ್ಯಾಕ್ ದಿ ಡೆಲಿವರಿ’ ಅಂದ್ರ ಡೆಲಿವರಿ ಹಿಂದಕ್ಕ ತಳ್ಳೋದು, ಅಂದ್ರ ಲಗೂನ ಕಳಸೋದೇನೋ ಅಂತ ಕನ್ನಡದ ತಲಿ ಹೇಳ್ತದ, ಯಾಕಂದ್ರ ನಮ್ಮಲ್ಲಿ ತಡ ಮಾಡೋದು ಅಂದ್ರ ‘ಮುಂದ’ ಹಾಕೋದು. ಇಂಗ್ಲಿಷ್‌ನಾಗ ತಡ ಮಾಡೋದು ‘ಬ್ಯಾಕ್’, ಮೊದ್ಲೇ ಮಾಡೋದು ‘ಬ್ರಿಂಗ್ ಫಾರ್ವರ್ಡ್’. ಪೂರಾ ತಿರುಗ್ಯಾದ. ದಿನಾ ಲಾರಿ ಬುಕ್ ಮಾಡೋ ಆಫೀಸಿನ್ಯಾಗ ಇದು ಸಣ್ಣ ವಿಷಯ ಅಲ್ಲ, ಲಾರಿ ತರ್ಸಿ ನಿಲ್ಸಿದ್ರ ಬಾಡಿಗಿ ಯಾರು ಕೊಡ್ತಾರ? ಅದಕ್ಕ ನಾನು ಅಂಥಾ ಮೇಲ್ ಬಂದ್ರ ಪ್ರತಿ ಸಲ ತಾರೀಖು ಬರ್ದು ವಾಪಸ್ ಕೇಳ್ತೀನಿ, ಇಂಥಾ ತಾರೀಖಿಗೇನ್ರಿ ಅಂತ. ಸಮಾಧಾನದ ಮಾತಂದ್ರ ಇಂಗ್ಲಿಷ್ ಮನಿಮಾತಿನೋರಿಗೂ ಇದ್ರಾಗ ಗೊಂದಲ ಅದ. ಬುಧವಾರದ ಮೀಟಿಂಗ್ ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಆಗ್ಯಾದ ಅಂದ್ರ ಕೆಲವ್ರು ಸೋಮವಾರ ಅಂತಾರ, ಕೆಲವ್ರು ಶುಕ್ರವಾರ ಅಂತಾರ, ಇದರ ಮ್ಯಾಲ ಸಂಶೋಧನೆನೇ ಆಗ್ಯಾವ. ನಮ್ಮ ಇಂಡಿಯಾದವ್ರು ಜಾಣರು, ಮೊದ್ಲೇ ಮಾಡೋದಕ್ಕ ‘ಪ್ರಿಪೋನ್’ ಅನ್ನೋ ಶಬ್ದನೇ ಬಳಕಿಗಿ ತಂದ್ರು, ಅದೀಗ ಆಕ್ಸ್‌ಫರ್ಡ್ ಡಿಕ್ಷನರಿಯಾಗೂ ಸೇರ್ಯಾದ, ನಗೋರು ನಗ್ಲಿ.

ಒಂದು ನೋಟ್‌ಬುಕ್ ಮಾಡ್ದೆ. ಮೊದ್ಲು ಎಲ್ರಂಗ ಪುಟ್‌ಗೊಂದು ಹಾಳಿ, ಗೆಟ್‌ಗೊಂದು ಹಾಳಿ ಅಂತ ಬರ್ದಿದ್ದೆ, ಅದು ಆ ಪಿಡಿಎಫ್ ಆದಂಗೇ ಆಯ್ತು, ಹರ್ದು ಬಿಸಾಕ್ದೆ. ಆಮ್ಯಾಲ ಉಲ್ಟಾ ಮಾಡ್ದೆ, ‘ಅಪ್’ಗೊಂದು ಹಾಳಿ, ‘ಆಫ್’ಗೊಂದು, ‘ಔಟ್’ಗೊಂದು. ಅವಾಗ ಒಂದು ಬೆಳಕು ಬಿತ್ತು. ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್, ಡ್ರೈ ಅಪ್, ಫಿಲ್ ಅಪ್, ಇವೆಲ್ಲಾದ್ರಾಗ ‘ಅಪ್’ ಅಂದ್ರ ಮ್ಯಾಲ ಅಲ್ಲ, ಪೂರಾ ಆಗೋದು. ನಾವು ತಿಂದ ಅಂದ್ರ ಒಂದು, ತಿಂದುಬಿಟ್ಟ ಅಂದ್ರ ಇನ್ನೊಂದು. ಬಾವಿ ಬತ್ತಿತು, ಬಾವಿ ಬತ್ತಿಹೋಯ್ತು. ಆ ‘ಬಿಟ್ಟ’, ‘ಹೋಯ್ತು’, ‘ಹಾಕ್ದ’ ಅಂತ ನಾವು ಕಡೀಗಿ ಹಚ್ತೀವಲ್ಲ, ಬಿಟ್ಟ ಅಂದ್ರ ಏನೂ ಬಿಟ್ಟಿರಂಗಿಲ್ಲ, ಹೋಯ್ತು ಅಂದ್ರ ಎಲ್ಲಿಗೂ ಹೋಗಿರಂಗಿಲ್ಲ, ಬಾಳಷ್ಟು ಸಲ ಇಂಗ್ಲಿಷಿನ ‘ಅಪ್’ ಅದೇ ಕೆಲಸ ಮಾಡ್ತದ. ಎಲ್ಲಾ ಕಡಿ ಅಲ್ಲ ಮತ್ತ. ‘ಗಿವ್ ಅಪ್’ಗಿ ಇದು ಹೊಂದಂಗಿಲ್ಲ, ‘ಲುಕ್ ಅಪ್’ಗಿ ಹೊಂದಂಗಿಲ್ಲ. ಇನ್ನ ‘ಸ್ಲೋ ಡೌನ್’, ‘ಸ್ಲೋ ಅಪ್’ ಎರಡೂ ನಿಧಾನ ಆಗು ಅಂತನೇ, ಫಾರ್ಮ್ ‘ಫಿಲ್ ಇನ್’ ಮಾಡಂದ್ರೂ ‘ಫಿಲ್ ಔಟ್’ ಮಾಡಂದ್ರೂ ತುಂಬೋದೇ. ಇಂಥಾ ಕಡಿ ಯಾಕ ಅಂತ ಕೇಳ್ಕೋತ ಕುಂದರಬಾರ್ದು.

ವ್ಯಾಕರಣ ಅಂತ ನಂಗ ಬೇಕಾಗಿದ್ದು ಒಂದೇ ನಿಯಮ, ಅದು ಕೋಚಿಂಗ್‌ನಾಗ ಯಾರೂ ಹೇಳಿದ್ದಿಲ್ಲ. ‘ಟರ್ನ್ ಆಫ್ ದಿ ಮೋಟಾರ್’ ಅಂದ್ರೂ ನಡೀತದ, ‘ಟರ್ನ್ ದಿ ಮೋಟಾರ್ ಆಫ್’ ಅಂದ್ರೂ ನಡೀತದ, ಆದ್ರ ಮೋಟಾರ್ ಬದ್ಲು ‘ಇಟ್’ ಬಂತಂದ್ರ ಅದು ನಡುವೇ ಕುಂದರ್ಬೇಕು, ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ಅನ್ನಂಗಿಲ್ಲ. ಇನ್ನ ‘ಲುಕ್ ಇನ್‌ಟು’, ‘ಲುಕ್ ಆಫ್ಟರ್’, ‘ರನ್ ಇನ್‌ಟು’ ಇವು ಬಿಡಿಸ್ಲಾಕ ಬರಲ್ದ ಜೋಡಿ, ಅವುಕ್ಕ ‘ಇಟ್’ ಕಡೀಗೇ ಹೋಗ್ಬೇಕು, ‘ಲುಕ್ ಇನ್‌ಟು ಇಟ್’. ಯಾವುದು ಬಿಡಸ್ತದ ಯಾವುದು ಬಿಡಸಲ್ಲ ಅಂತ ಹೆಂಗ ಗೊತ್ತಾಗ್ಬೇಕು? ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಅವರ ಕಲಿಯೋರ ಡಿಕ್ಷನರಿ ನೆಟ್‌ನಾಗ ಫ್ರೀ ಅವ, ಅದ್ರಾಗ ‘ಪುಟ್ ಸಮ್‌ಥಿಂಗ್ ಆಫ್’ ಅಂತ ನಡುವ ‘ಸಮ್‌ಥಿಂಗ್’ ಇಟ್ಟೇ ತೋರಸ್ತಾರ. ಆ ‘ಸಮ್‌ಥಿಂಗ್’ ಎಲ್ಲಿ ಕುಂತದ ನೋಡಿದ್ರ ಸಾಕು. ಇನ್ನೊಂದು, ಮೇಲ್ ಕಡೀಗಿ ಎಲ್ರೂ ಬರೀತೀವಲ್ಲ ‘ಲುಕಿಂಗ್ ಫಾರ್ವರ್ಡ್ ಟು’ ಅಂತ, ಅದರ ಮುಂದ ‘ಹಿಯರ್’ ಅಲ್ಲ, ‘ಹಿಯರಿಂಗ್’. ನಮ್ಮ ಆಫೀಸಿಗಿ ಬರೋ ಅರ್ಧ ಮೇಲ್‌ಗಳಾಗ ಅದು ತಪ್ಪೇ ಇರ್ತದ, ಇರ್ಲಿ, ಅದ್ರಿಂದ ತೊಗರಿ ಭಾವ ಇಳಿಯಂಗಿಲ್ಲ.

ಓದೋದು ಹಿಂಗ ಹಳಿಗಿ ಬಂತು, ಕಿವಿಗಿ ಮಾತ್ರ ಏನೂ ಬೀಳ್ತಿರ್ಲಿಲ್ಲ. ಅದಕ್ಕ ದವಾ ಸಿಕ್ಕಿದ್ದು ಕ್ರಿಕೆಟ್. ಬ್ಯಾಸಿಗ್ಯಾಗ ಕಲಬುರಗಿ ರೂಮ್‌ನಾಗ ಹೆಂಗೂ ರಾತ್ರಿ ನಿದ್ದಿ ಬರಂಗಿಲ್ಲ, ಹಗಲಾಗ 42, 43 ಡಿಗ್ರಿ ಕಾದ ಛತ್ತು ರಾತ್ರಿ ಹನ್ನೆರಡಾದ್ರೂ ಸುಡ್ತಿರ್ತದ, ಐಪಿಎಲ್ ನೋಡ್ಕೋತ ಬೀಳೋದೇ. ಕನ್ನಡ ಕಾಮೆಂಟ್ರಿ ಬಿಟ್ಟು ಇಂಗ್ಲಿಷ್‌ಗಿ ಹಾಕಿದ್ಕ ರೂಮ್‌ಮೇಟ್ಸ್ ಬೈದ್ರು, “ಏನಲೇ, ದೊಡ್ಡ ಸಾಹೇಬ ಆದೇನು” ಅಂತ. ಆದ್ರ ನೋಡ್ರಿ, ಆಟ ಕಣ್ಣ ಮುಂದ ನಡೀತದ, ಏನಾಯ್ತು ಅಂತ ಕಂಡೇ ಕಾಣ್ತದ, ಮಾತು ಅದರ ಬೆನ್ನ ಹಿಂದೇ ಬರ್ತದ. ಓಪನರ್ ಹೊಸ ಬಾಲ್ ತಡ್ಕೊಂಡು ನಿಂತ, ‘ಸೀನ್ ಆಫ್ ದಿ ನ್ಯೂ ಬಾಲ್’. ಬೌಂಡ್ರಿ ಹತ್ರ ಕ್ಯಾಚ್ ಕೊಟ್ಟ, ‘ಹೋಲ್ಸ್ ಔಟ್’. ಬಾಲರ್ ಮ್ಯಾಲೇ ಏರಿ ಹೋದ, ‘ಟೇಕಿಂಗ್ ಆನ್ ದಿ ಬೌಲರ್’. ಬೌಲಿಂಗ್‌ನಾಗ ರನ್ ಬಿಟ್ಟುಕೊಟ್ಟ, ‘ಗೇವ್ ಅವೇ’. ಕೆಳಗಿನ ಬ್ಯಾಟ್ಸ್‌ಮನ್ ಒಂದಿಷ್ಟು ರನ್ ಕೂಡ್ಸಿದ, ‘ಚಿಪ್ಡ್ ಇನ್’. ಆಗಲ್ಲ ಅಂದಿದ್ದ ಮ್ಯಾಚ್ ಗೆದ್ರು, ‘ಪುಲ್ಡ್ ಇಟ್ ಆಫ್’. ಮಳಿ ಬಂತು, ‘ಕಾಲ್ಡ್ ಆಫ್’. ಅದೇ ಮಾತು ಮರುದಿನ ಆಫೀಸಿನ್ಯಾಗ ಬರ್ತಿತ್ತು, ‘ದಿ ಡೀಲ್ ಇಸ್ ಕಾಲ್ಡ್ ಆಫ್’, ‘ಟೇಕ್ ಆನ್ ಮೋರ್ ಸ್ಟಾಕ್’. ‘ರನ್ ಔಟ್’ ಅಂದ್ರ ಮಾತ್ರ ನಂಗ ಈಗ್ಲೂ 2019ರ ವಿಶ್ವಕಪ್ ಸೆಮಿಫೈನಲ್ಲೇ ಕಣ್ಣಾಗ ಬರ್ತದ, ಗಪ್ಟಿಲ್ ಎಸೆದ, ಧೋನಿ ಒಂದೀಟೇ ಈಟು ದೂರ ಇದ್ದ, ಥೂ ಬಿಡ್ರಿ. ಆ ರನ್ ಔಟ್ ಬ್ಯಾರೆ, ಸ್ಟಾಕ್ ಮುಗಿಯೋ ‘ರನ್ ಔಟ್ ಆಫ್’ ಬ್ಯಾರೆ.

ಇಡಿಯಮ್‌ನಾಗೂ ಕ್ರಿಕೆಟಿನಿಂದ ಹೋದಾವು ಬಾಳ ಅವ. ಯಾರೂ ಹೇಳ್ದೇ ತಾನಾಗೇ ಮಾಡೋದು ‘ಆಫ್ ಯುವರ್ ಓನ್ ಬ್ಯಾಟ್’. ಹ್ಯಾಟ್ರಿಕ್ ಅಂತೂ ನಮ್ಮ ಎಲೆಕ್ಷನ್ ಸುದ್ದಿಯಾಗೂ ಬರ್ತದ, ಅದು 1858ರಾಗ ಇಂಗ್ಲೆಂಡಿನ ಶೆಫೀಲ್ಡ್‌ನಾಗ ಎಚ್.ಎಚ್. ಸ್ಟೀಫನ್ಸನ್ ಮೂರು ಬಾಲಿಗಿ ಮೂರು ವಿಕೆಟ್ ತಗೊಂಡಾಗ ಜನ ರೊಕ್ಕ ಕೂಡ್ಸಿ ಟೋಪಿ ಕೊಡ್ಸಿದ್ರಲ್ಲ, ಅಲ್ಲಿಂದ ಬಂದಿದ್ದು.

ಕಾಮೆಂಟ್ರಿ ಕೇಳ್ಕೋತ ಇನ್ನೊಂದು ಗಮನಕ್ಕ ಬಂತು, ಒತ್ತು ಎಲ್ಲಿ ಬೀಳ್ತದ ಅನ್ನೋದು. ಕ್ರಿಯಾಪದ ಆಗಿದ್ದಾಗ ಒತ್ತು ಹಿಂದಿನ ಸಣ್ಣ ಶಬ್ದದ ಮ್ಯಾಲ, ಗಾಡಿ ಬ್ರೋಕ್ ‘ಡೌನ್’. ಅದೇ ನಾಮಪದ ಆದ್ರ ಮೊದಲ್ನೇದ್ರ ಮ್ಯಾಲ, ಇಟ್ಸ್ ಎ ‘ಬ್ರೇಕ್’ಡೌನ್. ನಾವು ಎಲ್ಲಾ ಶಬ್ದಕ್ಕೂ ಸಮ ಒತ್ತು ಕೊಟ್ಟು ಮಾತಾಡ್ತೀವಿ, ಅವರು ಹಂಗ ಮಾಡಲ್ಲ, ಮತ್ತ ‘ರನ್ ಔಟ್ ಆಫ್’ ಅನ್ನೋದ್ರಾಗ ಆ ಕಡೀದು ಆಫ್ ಅಂತ ಬಿಡ್ಸಿ ಕೇಳ್ಸಂಗೇ ಇಲ್ಲ, ಔಟಾವ್ ಅಂದಂಗ ಆಗ್ತದ. ಒಂದೊಂದೇ ಶಬ್ದ ಹಿಡೀಲಾಕ ಹೋದ್ರ ಸಿಗಂಗಿಲ್ಲ, ಪೂರಾ ಜೋಡಿ ಒಂದೇ ಶಬ್ದ ಅಂತ ಕಿವಿಗಿ ಹೇಳ್ಬೇಕು. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನವ್ರ ಸಣ್ಣ ಸಣ್ಣ ಆಡಿಯೊ ಇದಕ್ಕ ಛಲೋ ಅವ, ರಿಂಗ್ ರೋಡಿನ್ಯಾಗ ಸಿಟಿ ಬಸ್‌ನಾಗ ಹೋಗೋವಾಗ ಹಾಕ್ಕೋತಿದ್ದೆ.

ಹಂಗ ನೋಡಿದ್ರ ಫ್ರೇಸಲ್ ವರ್ಬ್ ಬರಲ್ದೋರು ನಮ್ಮೂರಾಗ ಯಾರೂ ಇಲ್ಲ. ನಮ್ಮವ್ವ ಶಾಲಿ ಮೆಟ್ಲು ಹತ್ತಿಲ್ಲ, ಆದ್ರ ಲಗ್ನದಾಗ “ಪೋರಿಗಿ ಮೇಕಪ್ ಜಾಸ್ತಿ ಆಗ್ಯಾದ” ಅಂತಾಳ. ಟ್ರ್ಯಾಕ್ಟರ್ ಡ್ರೈವರ್ ಪಿಕಪ್ ಇಲ್ಲ ಅಂತಾನ, ಬಸ್ ಬ್ರೇಕ್‌ಡೌನ್ ಆಗ್ತದ, ಹುಡುಗ್ರದ್ದು ಬ್ರೇಕಪ್ ಆಗ್ತದ, ಫೋನ್ ಬ್ಯಾಕಪ್ ತಗೋತಾರ, ಲಾಡ್ಜಿನ್ಯಾಗ ಚೆಕ್ ಇನ್, ಚೆಕ್ ಔಟ್, ಕೊರೊನಾದಾಗ ಲಾಕ್‌ಡೌನ್. ಇವೆಲ್ಲಾ ನಾಮಪದ ಆಗಿ ನಮ್ಮ ಮನಿ ಹೊಕ್ಕಾವ, ನಾನು ಅವನ್ನೇ ಹಿಡ್ಕೊಂಡು ಹಿಂದಕ್ಕ ನಡದೆ, ಬ್ಯಾಕಪ್ ಗೊತ್ತದ ಅಂದ್ರ ‘ಬ್ಯಾಕ್ ಅಪ್ ದಿ ಫೈಲ್ಸ್’ ಗೊತ್ತಾದಂಗೇ. ನೋಟ್‌ಬುಕ್‌ನ ಒಂದಿಷ್ಟು ಹಾಳಿ ಬರೇ ಇವುಗಳಿಂದ್ಲೇ ತುಂಬ್ಯಾವ.

ಆದ್ರ ನಮ್ಮವು ಅಂತ ಹುಷಾರಾಗಿರ್ಬೇಕಾದವೂ ಅವ. ‘ಐ ಪಾಸ್ಡ್ ಔಟ್ ಇನ್ 2019’ ಅಂದ್ರ ನಮ್ಮಲ್ಲಿ ಡಿಗ್ರಿ ಮುಗೀತು ಅಂತ. ಅಮೆರಿಕಾದವ್ರಿಗಿ ಹಂಗಂದ್ರ ಇವ ಆ ವರ್ಷ ಮೂರ್ಛೆ ಬಿದ್ದಿದ್ದ ಅಂತ ಕೇಳಸ್ತದ, ಮಿಲಿಟ್ರಿಯಾಗ ಪಾಸಿಂಗ್ ಔಟ್ ಪರೇಡ್ ಅಂತ ಇರ್ತದಲ್ಲ, ಅದು ಬ್ರಿಟಿಷರ ಬಳಕಿ. ‘ಕೋಪ್ ಅಪ್ ವಿತ್’ ಅಂತ ಎಲ್ರೂ ಅಂತೀವಿ, ಅಲ್ಲಿ ‘ಅಪ್’ ಬೇಕಾಗೇ ಇಲ್ಲ, ‘ಕೋಪ್ ವಿತ್’ ಅಷ್ಟೇ. ಇಂಡಿಯಾದೊಳಗ ಇವೆಲ್ಲಾ ನಡೀತಾವ, ಯಾರೂ ತಪ್ಪು ತಿಳ್ಕೊಳ್ಳಂಗಿಲ್ಲ, ಇಂಟರ್‌ವ್ಯೂ ಹೊರಗಿನೋರ ಜೋಡಿ ಇದ್ರ ಮಾತ್ರ ‘ಗ್ರ್ಯಾಜುಯೇಟೆಡ್’ ಅನ್ರಿ.

ಇನ್ನ ಇಡಿಯಮ್. ಅವು ಪೂರಾ ವ್ಯರ್ಥ ಅಂತ ನಾ ಅನ್ನಂಗಿಲ್ಲ, ಪರೀಕ್ಷಾ ಬರಿಯೋರಿಗಿ ಬೇಕೇ ಬೇಕು, ಬರೀರಿ. ಆಫೀಸಿನ್ಯಾಗ ಬರೋ ಇಡಿಯಮ್ ಬ್ಯಾರೆ ಇರ್ತಾವ ಅಷ್ಟೇ. ‘ಕೀಪ್ ಮಿ ಇನ್ ದಿ ಲೂಪ್’, ‘ದಿ ಬಾಲ್ ಇಸ್ ಇನ್ ಯುವರ್ ಕೋರ್ಟ್’, ‘ಆನ್ ದಿ ಸೇಮ್ ಪೇಜ್’, ಅಂದ್ರ ನಂಗೂ ತಿಳಿಸ್ಕೋತ ಇರ್ರಿ, ಈಗ ನಿಮ್ಮ ಪಾಳಿ, ಎಲ್ರದ್ದೂ ಒಂದೇ ತಿಳುವಳಿಕಿ. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಅಂತ ಬರ್ದ ಮೇಲ್ ನಾ ಇವತ್ತಿನ ತನಕ ನೋಡಿಲ್ಲ, ಮುಂಬೈನ್ಯಾಗ ಮಳಿ ಬಂದು ಬಂದರ್ ಬಂದ್ ಆದಾಗ್ಲೂ ಏಜೆಂಟ್ ‘ಹೆವಿ ರೇನ್’ ಅಂತನೇ ಬರ್ದ. ಒಮ್ಮಿ ಒಬ್ರು ‘ಬಾಲ್‌ಪಾರ್ಕ್ ಫಿಗರ್’ ಕೊಡ್ರಿ ಅಂತ ಕೇಳಿದ್ರು. ನಮ್ಮ ಮುನೀಮ್ ಕಾಕಾ ಪಕ್ಕದಾಗೇ ಕುಂತಿದ್ರು, ಕನ್ನಡ, ಮರಾಠಿ, ದಖ್ಖನಿ ಮೂರೂ ಅರಳು ಹುರಿದಂಗ ಮಾತಾಡೋರು, ಇಂಗ್ಲಿಷ್ ಮಾತ್ರ ಇಲ್ಲ.

“ಏನಂತಾನೋ?”

“ಅಂದಾಜು ರೇಟ್ ಹೇಳ್ರಿ ಅಂತಾನ ಕಾಕಾ. ಬಾಲ್‌ಪಾರ್ಕ್ ಅಂದ್ರ ಅಮೆರಿಕಾದಾಗ ಬೇಸ್‌ಬಾಲ್ ಆಡೋ ಮೈದಾನ.”

“ತೊಗರಿ ತಗೊಳ್ಳಾವ ಮೈದಾನಕ್ಕ ಯಾಕ ಹೋದ? ಅಂದಾಜ್ ಅನ್ಲಾಕ ಬಾಯಿಗಿ ಏನಾಗಿತ್ತು?”

ನಾನು ಅಂದಾಜಿನ ರೇಟ್ ಬರ್ದು ಕಳಸ್ದೆ, ಬಾಲ್‌ಪಾರ್ಕ್ ಅಂತ ನಾ ಬರೀಲಿಲ್ಲ. ಓದಿ ತಿಳ್ಕೊಳ್ಳೋದು ಒಂದು, ನಾವೇ ಬಳಸೋದು ಇನ್ನೊಂದು, ಇಡಿಯಮ್ ಸ್ವಲ್ಪ ಹೆಚ್ಚುಕಮ್ಮಿ ಆದ್ರ ನಗೆಪಾಟ್ಲ ಆಗ್ತದ, ಫ್ರೇಸಲ್ ವರ್ಬ್‌ಗಿ ಆ ಭಯ ಕಮ್ಮಿ. ನನ್ನ ಮಟ್ಟಿಗಿ ಇಡಿಯಮ್ ಓದ್ಲಾಕ ಇಟ್ಕೊಂಡೀನಿ, ಬರೀಲಾಕ ಫ್ರೇಸಲ್ ವರ್ಬ್.

ಈಗ ಮೇಲ್ ನೋಡಿ ಉತ್ತರ ಬರಿಯೋದು ತ್ರಾಸಿಲ್ಲ, ಸಾಹುಕಾರ್ರು ಹೊರಗ ಹೋಗಿದ್ರೂ ನಡೀತದ. ಫೋನ್ ಮಾತ್ರ ಇನ್ನೂ ಕಷ್ಟ, ಆ ಕಡಿಯಿಂದ ಜೋರಾಗಿ ಮಾತಾಡೋರಿದ್ರ ನಾ ಸುಮ್ನ ಮೇಲ್ ಹಾಕ್ರಿ ಅಂತೀನಿ. ಮತ್ತ ನೋಟ್‌ಬುಕ್‌ನಾಗ ‘ಗೆಟ್’ ಒಂದು ಕುಂತದ. ಗೆಟ್ ಬೈ, ಗೆಟ್ ಓವರ್, ಗೆಟ್ ಥ್ರೂ, ಗೆಟ್ ಅರೌಂಡ್ ಟು, ಗೆಟ್ ಅವೇ ವಿತ್. ಅದಕ್ಕ ಯಾವ ಹಾಳಿ ಕೊಟ್ರೂ ಸಾಲವಲ್ದು, ಮಾಸ್ತರ್‌ಗ ಕೇಳಿದ್ರ “ಗೆಟ್ ಕಡೀಗಿ ಇಟ್ಕೋ ಅಂತ ಮೊದ್ಲೇ ಹೇಳಿದ್ನೆಲ್ಲಪಾ” ಅಂತಾರ.